ಅಚ್ಚೂ ಒಂದು ಸಾಮಗ್ರಿ

ಒಂದೇ ಬಟ್ಟಲಿನಲ್ಲಿ ಕಲಸಿದ ಕೇಕಿನ ಹಿಟ್ಟನ್ನು ಎರಡು ಪಾಲು ಮಾಡಿ, ಒಂದನ್ನು ಅಲ್ಯೂಮಿನಿಯಂ ಮಫಿನ್ ಅಚ್ಚಿಗೂ ಇನ್ನೊಂದನ್ನು ಅದೇ ಅಳತೆಯ ಸಿಲಿಕೋನ್ ಅಚ್ಚಿಗೂ ಹುಯ್ದು, ಒಂದೇ ಓವನ್ನಿನ ಒಂದೇ ಅಂತಸ್ತಿನಲ್ಲಿ ಅಕ್ಕಪಕ್ಕ ಇಟ್ಟು ಬೇಯಿಸಿ. ಹೊರಬರುವ ಮಫಿನ್‌ಗಳು ಒಂದೇ ಥರ ಇರುವುದಿಲ್ಲ. ಅಲ್ಯೂಮಿನಿಯಂ ಅಚ್ಚಿನದರ ಪಕ್ಕ ಮತ್ತು ತಳ ಹೊಂಬಣ್ಣಕ್ಕೆ ತಿರುಗಿರುತ್ತವೆ, ಅಂಚು ತುಸು ಗರಿಯಾಗಿರುತ್ತದೆ. ಸಿಲಿಕೋನ್ ಅಚ್ಚಿನದರ ನೆತ್ತಿ ಬಣ್ಣ ಪಡೆದಿದ್ದರೂ ಪಕ್ಕಗಳು ಮಾಸಲು ಹಳದಿಯಲ್ಲೇ ಉಳಿದಿರುತ್ತವೆ, ಮೈ ಮೆತ್ತಗಿರುತ್ತದೆ. ಹಿಟ್ಟು, ಸಕ್ಕರೆ, ಎಣ್ಣೆ, ಸೋಡಾ ಯಾವುದರಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ. ಬದಲಾದದ್ದು ಪಾತ್ರೆ ಮಾತ್ರ.

ಈ ಅಧ್ಯಾಯದ ತಿರುಳು ಇಷ್ಟೇ: ಬೇಕಿಂಗ್‌ನಲ್ಲಿ ಅಚ್ಚು ಹಿಟ್ಟನ್ನು ಹಿಡಿದಿಡುವ ಬರಿಯ ಆಕಾರವಲ್ಲ, ಅದೂ ಒಂದು ಸಾಮಗ್ರಿ. ಮೈದಾದ ಬದಲು ರಾಗಿ ಹಾಕಿದಾಗ ನೀರಿನ ಪ್ರಮಾಣವನ್ನು ಹೇಗೆ ಬದಲಿಸುತ್ತೇವೋ ಹಾಗೆಯೇ ಲೋಹದ ಬದಲು ಸಿಲಿಕೋನ್ ಹಿಡಿದಾಗ ಪಾಕವನ್ನೂ ಬದಲಿಸಬೇಕು. ಯಾಕೆ, ಎಷ್ಟು, ಹೇಗೆ ಎಂಬುದನ್ನು ಅಡುಗೆಮನೆಯಲ್ಲೇ ಪ್ರಯೋಗ ಮಾಡಿ ಕಂಡುಕೊಳ್ಳಬಹುದು.

ಮರಳಿನಿಂದ ಅಚ್ಚಿನವರೆಗೆ

ಬಣ್ಣಬಣ್ಣದ, ಹಿಂಡಿದರೆ ಮುದುಡಿ ಬಿಟ್ಟರೆ ಮೊದಲಿನಂತಾಗುವ ಈ ಅಚ್ಚುಗಳ ಮೂಲ ಮರಳು. ಮರಳಿನ ಬಹುಪಾಲು ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಕ್ಸಿಜನ್‌ಗಳ ಸಂಯುಕ್ತ. ಶುದ್ಧ ಸಿಲಿಕಾವನ್ನು ಇಂಗಾಲದ ಜೊತೆ ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಆಕ್ಸಿಜನ್ ಕಳಚಿಕೊಂಡು ಸಿಲಿಕಾನ್ ಉಳಿಯುತ್ತದೆ. ಅದನ್ನು ಪುಡಿ ಮಾಡಿ, ತಾಮ್ರದ ನೆರವಿನಿಂದ ಮೀಥೈಲ್ ಕ್ಲೋರೈಡ್ ಅನಿಲದೊಂದಿಗೆ ಸುಮಾರು 300 ಡಿಗ್ರಿಯಲ್ಲಿ ವರ್ತಿಸುವಂತೆ ಮಾಡುತ್ತಾರೆ. ಅದರಿಂದ ಬರುವ ದ್ರವಕ್ಕೆ ನೀರು ಸೇರಿಸಿದಾಗ ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳು ಒಂದು ಬಿಟ್ಟು ಒಂದರಂತೆ ಕೈಹಿಡಿದು ಉದ್ದನೆಯ ಸರಪಳಿಗಳಾಗುತ್ತವೆ. ಪ್ರತಿ ಸಿಲಿಕಾನಿನ ಎರಡು ಪಕ್ಕಕ್ಕೂ ಒಂದೊಂದು ಮೀಥೈಲ್ ಗುಂಪು ಅಂಟಿಕೊಂಡಿರುತ್ತದೆ. ಈ ಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಬೆಸೆದು, ಗಟ್ಟಿತನಕ್ಕಾಗಿ ನವುರಾದ ಸಿಲಿಕಾ ಪುಡಿ ಬೆರೆಸಿದರೆ ಸಿಲಿಕೋನ್ ರಬ್ಬರ್ ಸಿದ್ಧ.

ಇದರ ಚರಿತ್ರೆ ನಿರಾಶೆಯಿಂದ ಶುರುವಾಗುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಸ್ಟ್ಯಾನ್ಲಿ ಕಿಪ್ಪಿಂಗ್ ಎಂಬ ರಸಾಯನ ವಿಜ್ಞಾನಿ 1899ರ ಹೊತ್ತಿಗೆ ಸಿಲಿಕಾನ್ ಮತ್ತು ಇಂಗಾಲ ಕೂಡಿದ ಸಂಯುಕ್ತಗಳ ಅಧ್ಯಯನಕ್ಕೆ ಕೈಹಾಕಿದರು. ಹರಳುಗಟ್ಟುವ ಶುದ್ಧ ವಸ್ತುಗಳನ್ನು ಅವರು ಹುಡುಕುತ್ತಿದ್ದರು. ಆದರೆ ಗಾಜಿನ ಪಾತ್ರೆಯ ತಳದಲ್ಲಿ ಮತ್ತೆ ಮತ್ತೆ ಉಳಿಯುತ್ತಿದ್ದುದು ಅಂಟುಅಂಟಾದ ಗೋಂದು. ಸುಮಾರು ನಾಲ್ಕು ದಶಕ ದುಡಿದ ಮೇಲೆ, 1936ರಲ್ಲಿ ರಾಯಲ್ ಸೊಸೈಟಿಯ ಬೇಕೀರಿಯನ್ ಉಪನ್ಯಾಸದಲ್ಲಿ, ಈ ಕ್ಷೇತ್ರದಲ್ಲಿ ಸದ್ಯದಲ್ಲಿ ದೊಡ್ಡ ಮುನ್ನಡೆಯ ಭರವಸೆ ಕಾಣುತ್ತಿಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದರು. ಆ ಅಂಟುಗೋಂದಿನಲ್ಲೇ ಮುಂದಿನ ಉದ್ಯಮವಿತ್ತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಯೂಜೀನ್ ರೋಖೋ 1940ರಲ್ಲಿ ಮೇಲೆ ಹೇಳಿದ ತಾಮ್ರದ ವಿಧಾನವನ್ನು ಕಂಡುಕೊಂಡರು. ಬಹುತೇಕ ಅದೇ ಕಾಲಕ್ಕೆ ಜರ್ಮನಿಯ ರಿಚರ್ಡ್ ಮ್ಯೂಲರ್ ಸ್ವತಂತ್ರವಾಗಿ ಅದೇ ದಾರಿ ಹಿಡಿದಿದ್ದರು. 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಹುಟ್ಟಿತು. ಎತ್ತರದಲ್ಲಿ ಹಾರುವ ಯುದ್ಧವಿಮಾನಗಳ ವಿದ್ಯುತ್ ಭಾಗಗಳಿಗೆ ತೇವ ತಗಲದಂತೆ ಸಿಲಿಕೋನ್ ಗ್ರೀಸ್ ಬಳಕೆಗೆ ಬಂತು. 1949ರಲ್ಲಿ ತೀರಿಕೊಂಡ ಕಿಪ್ಪಿಂಗ್ ತಮ್ಮ ಗೋಂದು ಕಾರ್ಖಾನೆಯ ಸರಕಾದುದನ್ನು ಬದುಕಿದ್ದಾಗಲೇ ಕಂಡರು. 1969ರಲ್ಲಿ ಚಂದ್ರನ ಮೇಲೆ ನಡೆದ ಗಗನಯಾತ್ರಿಗಳ ಪಾದರಕ್ಷೆಯ ಅಟ್ಟೆಯೂ ಸಿಲಿಕೋನ್ ರಬ್ಬರೇ.

ಓವನ್ನಿಗೆ ಈ ವಸ್ತು ಬಂದದ್ದು ಬೇಕರಿಗಳ ಮೂಲಕ. ಫ್ರಾನ್ಸಿನ ಗೀ ದೆಮಾರ್ಲ್ ಸಂಸ್ಥೆಯ ಸಿಲ್ಪ್ಯಾಟ್ ಎಂಬ ಹಾಸು ಇವತ್ತಿಗೂ ಹೆಸರುವಾಸಿ. ಗಾಜಿನ ನೂಲಿನ ಬಲೆಗೆ ಸಿಲಿಕೋನ್ ಬಳಿದು ಅದನ್ನು ಮಾಡುತ್ತಾರೆ.

ಬೆಂಕಿಗೂ ಜಗ್ಗದ, ಹಿಮಕ್ಕೂ ಸೆಟೆಯದ ಗುಣ ಇದಕ್ಕೆ ಎಲ್ಲಿಂದ ಬಂತು? ಪ್ಲಾಸ್ಟಿಕ್‌ಗಳ ಬೆನ್ನೆಲುಬು ಇಂಗಾಲ–ಇಂಗಾಲ ಬಂಧ. ಸಿಲಿಕೋನ್‌ನದು ಸಿಲಿಕಾನ್–ಆಕ್ಸಿಜನ್ ಬಂಧ. ಇಂಗಾಲದ ಬಂಧ ಮುರಿಯಲು ಮೋಲ್ ಒಂದಕ್ಕೆ ಸುಮಾರು 350 ಕಿಲೋಜೂಲ್ ಶಕ್ತಿ ಸಾಕಾದರೆ, ಸಿಲಿಕಾನ್–ಆಕ್ಸಿಜನ್ ಬಂಧಕ್ಕೆ ಸುಮಾರು 450 ಬೇಕು. ಅದರ ಜೊತೆಗೆ ಈ ಸರಪಳಿ ಬಹಳ ಸಡಿಲವಾಗಿ ಬಾಗುತ್ತದೆ. ತೂಗುಮಣೆಯ ಕಬ್ಬಿಣದ ಸರಪಳಿಯಲ್ಲಿ ಕೊಂಡಿಗಳು ಗಟ್ಟಿ, ಕೀಲುಗಳು ಸಲೀಸು, ಇಲ್ಲೂ ಹಾಗೆಯೇ. ಹೀಗಾಗಿ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಅಚ್ಚುಗಳನ್ನು ಸಾಮಾನ್ಯವಾಗಿ ಮೈನಸ್ 40ರಿಂದ 230 ಡಿಗ್ರಿಯವರೆಗೆ ಬಳಸಬಹುದು ಎಂದು ತಯಾರಕರು ಹೇಳುತ್ತಾರೆ. ಫ್ರೀಜರಿನಿಂದ ತೆಗೆದು ನೇರ ಓವನ್ನಿಗೆ ಇಡಬಲ್ಲ ಪಾತ್ರೆ ಅಡುಗೆಮನೆಯಲ್ಲಿ ಬೇರೆ ಹೆಚ್ಚಿಲ್ಲ.

ಅಂಟದ ಮೈ

ಮೊದಲ ಪ್ರಯೋಗಕ್ಕೆ ಓವನ್ ಬೇಡ. ತೊಳೆದು ಒಣಗಿಸಿದ ಸಿಲಿಕೋನ್ ಹಾಸು, ಗಾಜಿನ ತಟ್ಟೆ, ಬಾಳೆಲೆಯ ತುಂಡು, ಮೂರರ ಮೇಲೂ ಒಂದೊಂದು ಹನಿ ನೀರು ಬಿಡಿ. ಶುಚಿಯಾದ ಗಾಜಿನ ಮೇಲೆ ಹನಿ ಹರಡಿಕೊಳ್ಳುತ್ತದೆ. ಸಿಲಿಕೋನ್ ಮತ್ತು ಬಾಳೆಲೆಯ ಮೇಲೆ ಅದು ಗುಂಡಗೆ ಎದ್ದು ನಿಲ್ಲುತ್ತದೆ, ಓರೆ ಮಾಡಿದರೆ ಜಾರುತ್ತದೆ. ಈಗ ಅದೇ ಸಿಲಿಕೋನ್ ಮೇಲೆ ಒಂದು ಹನಿ ಎಣ್ಣೆ ಬಿಡಿ. ಅದು ನೀರಿಗಿಂತ ಚಪ್ಪಟೆಯಾಗಿ ಹರಡುತ್ತದೆ.

ಪ್ರತಿ ದ್ರವಕ್ಕೂ ತನ್ನನ್ನು ತಾನು ಒಟ್ಟುಗೂಡಿಸಿಕೊಳ್ಳುವ ಮೇಲ್ಮೈ ಸೆಳೆತವಿರುತ್ತದೆ. ನೀರಿನದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಅಡುಗೆ ಎಣ್ಣೆಯದು ಸುಮಾರು 32. ಸಿಲಿಕೋನ್‌ನ ಮೇಲ್ಮೈ ಶಕ್ತಿ ಅದೇ ಅಳತೆಯಲ್ಲಿ ಸುಮಾರು 20ರಿಂದ 22. ಸರಪಳಿಯ ಹೊರಮೈಯನ್ನು ಮುಚ್ಚಿರುವ ಮೀಥೈಲ್ ಗುಂಪುಗಳು ನೀರನ್ನು ಹತ್ತಿರಕ್ಕೆ ಎಳೆಯುವುದಿಲ್ಲ. ನೀರೇ ಹೆಚ್ಚಾಗಿರುವ ಕೇಕಿನ ಹಿಟ್ಟು ಆದ್ದರಿಂದಲೇ ಅಚ್ಚಿಗೆ ಕಚ್ಚಿಕೊಳ್ಳುವುದಿಲ್ಲ. ಎಣ್ಣೆ ಮಾತ್ರ ತುಸು ನೆಂಟಸ್ತಿಕೆ ಬೆಳೆಸುತ್ತದೆ. ಹಲವು ತಿಂಗಳು ಬಳಸಿದ ಅಚ್ಚು ಜಿಗುಟಾಗುವುದಕ್ಕೆ ಕಾರಣ ಈ ಎಣ್ಣೆಯೇ. ಬಿಸಿಯಲ್ಲಿ ಅದರ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಮೈಮೇಲೆ ಅಂಟುಪದರ ಕಟ್ಟುತ್ತವೆ. ಪ್ರತಿ ಬಾರಿಯೂ ಬಿಸಿನೀರು ಮತ್ತು ಸಾಬೂನಿನಿಂದ ತೊಳೆದರೆ ಪದರ ಬೆಳೆಯುವುದಿಲ್ಲ.

ಅಂಟದಿರುವುದಕ್ಕೆ ಇನ್ನೊಂದು ಕಾರಣ ಬಾಗುವ ಗುಣ. ಲೋಹದ ಪಾತ್ರೆಯಿಂದ ಕೇಕನ್ನು ಬೋರಲು ಹಾಕಿ ಬಿಡಿಸುವಾಗ ಇಡೀ ಮೇಲ್ಮೈ ಒಟ್ಟಿಗೆ ಕಳಚಿಕೊಳ್ಳಬೇಕು. ಬಾಗುವ ಅಚ್ಚನ್ನು ಸುಲಿಯುವಾಗ ಬಲವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ, ಸ್ವಲ್ಪವೇ ಎಳೆದರೂ ಬಿಟ್ಟುಕೊಳ್ಳುತ್ತದೆ. ಕರಾವಳಿಯ ಅಡುಗೆಮನೆಗಳು ಈ ತತ್ವವನ್ನು ಬಹಳ ಹಿಂದೆಯೇ ಬಳಸಿಕೊಂಡಿವೆ. ಹಲಸಿನ ಎಲೆಗಳನ್ನು ಕಡ್ಡಿಯಿಂದ ಹೊಲಿದು ಮಾಡುವ ಕೊಟ್ಟೆ, ಕೇದಗೆಯ ಎಲೆ ಸುತ್ತಿ ಮಾಡುವ ಮೂಡೆ, ಎರಡೂ ಬಾಗುವ ಅಚ್ಚುಗಳೇ. ಎಲೆಯ ಮೈಮೇಲಿನ ಮೇಣದ ಪದರ ನೀರನ್ನು ದೂರವಿಡುತ್ತದೆ. ಕಡುಬು ಬೆಂದ ಮೇಲೆ ಎಲೆಯನ್ನು ಕಡುಬಿನಿಂದ ಸುಲಿಯುತ್ತಾರೆಯೇ ಹೊರತು ಕಡುಬನ್ನು ಎಲೆಯಿಂದ ಕೀಳುವುದಿಲ್ಲ. ಸಿಲಿಕೋನ್ ಅಚ್ಚಿನಲ್ಲೂ ಇದೇ ಕ್ರಮ ಅನುಸರಿಸಿ: ಹತ್ತು ನಿಮಿಷ ಆರಲು ಬಿಟ್ಟು, ಅಂಚನ್ನು ಹೊರಕ್ಕೆ ಮಡಚಿ, ತಳದಿಂದ ಮೇಲಕ್ಕೆ ಒತ್ತಿ.

ಶಾಖದ ದಾರಿಯಲ್ಲಿ ಯಾರ ತಡೆ ದೊಡ್ಡದು?

ಇನ್ನು ಮುಖ್ಯ ಪ್ರಶ್ನೆ. ಸಿಲಿಕೋನ್ ಅಚ್ಚಿನಲ್ಲಿ ಪಕ್ಕಗಳು ಯಾಕೆ ಬಿಳಿಚಿಕೊಳ್ಳುತ್ತವೆ? ಸಿಲಿಕೋನ್ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ ಎಂಬುದು ಸಾಮಾನ್ಯ ಉತ್ತರ. ಅದು ನಿಜ. ಅಲ್ಯೂಮಿನಿಯಂನ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ 200 ವ್ಯಾಟ್‌ಗೂ ಹೆಚ್ಚು, ಸಿಲಿಕೋನ್ ರಬ್ಬರಿನದು ಅದೇ ಮಾನದಲ್ಲಿ ಸುಮಾರು 0.2. ಅಂದರೆ ಸಾವಿರ ಪಟ್ಟು ಅಂತರ. ಆದರೆ ಕೇಕು ಬೇಯುವ ಅವಧಿ ಸಾವಿರ ಪಟ್ಟು ಹೆಚ್ಚುವುದಿಲ್ಲ. ಕೆಲವೇ ನಿಮಿಷ ತಡವಾಗುತ್ತದೆ. ಹಾಗಾದರೆ ಸಾವಿರ ಪಟ್ಟಿನ ಅಂತರ ಎಲ್ಲಿ ಹೋಯಿತು?

ಉತ್ತರ ಓವನ್ನಿನ ಗಾಳಿಯಲ್ಲಿದೆ. ಬಿಸಿ ಗಾಳಿಯಿಂದ ಹಿಟ್ಟಿಗೆ ಶಾಖ ತಲುಪಬೇಕಾದರೆ ಎರಡು ತಡೆಗಳನ್ನು ದಾಟಬೇಕು. ಮೊದಲನೆಯದು ಅಚ್ಚಿನ ಹೊರಮೈಗೆ ಅಂಟಿಕೊಂಡು ನಿಂತ ಗಾಳಿಯ ತೆಳುಪದರ. ಎರಡನೆಯದು ಅಚ್ಚಿನ ಗೋಡೆ. ಫ್ಯಾನ್ ಇಲ್ಲದ ಮನೆಯ ಓವನ್ನಿನಲ್ಲಿ ಗಾಳಿಪದರದ ತಡೆಯನ್ನು 100 ಎಂದಿಟ್ಟುಕೊಂಡರೆ, 2 ಮಿಲಿಮೀಟರ್ ದಪ್ಪದ ಸಿಲಿಕೋನ್ ಗೋಡೆಯ ತಡೆ ಅಂದಾಜು 15. ಒಂದು ಮಿಲಿಮೀಟರ್ ಅಲ್ಯೂಮಿನಿಯಂನದು 0.01ಕ್ಕೂ ಕಡಿಮೆ. ಒಟ್ಟು ತಡೆ ಲೋಹದಲ್ಲಿ 100, ಸಿಲಿಕೋನ್‌ನಲ್ಲಿ 115. ದೊಡ್ಡ ತಡೆ ಗಾಳಿಯದೇ ಆದ್ದರಿಂದ ಗೋಡೆ ಬದಲಾದರೂ ಒಟ್ಟು ಲೆಕ್ಕ ಅಷ್ಟಾಗಿ ಕದಲುವುದಿಲ್ಲ.

ಪಕ್ಕಗಳು ಬಿಳಿಚಲು ಈ 15ರ ಜೊತೆಗೆ ಇನ್ನೂ ಕೆಲವು ಕಾರಣಗಳು ಕೂಡಿಕೊಳ್ಳುತ್ತವೆ. ಲೋಹದ ಅಚ್ಚು ತನ್ನ ಅಂಚು, ತಳ ಎಲ್ಲ ಕಡೆಯಿಂದ ಶಾಖ ಹೀರಿ, ಬಿಸಿ ಸರಳುಗಳಿಂದಲೂ ಎಳೆದುಕೊಂಡು, ಇಡೀ ಮೈಗೆ ಹಂಚುತ್ತದೆ. ಸಿಲಿಕೋನ್‌ನಲ್ಲಿ ಶಾಖ ಬಿದ್ದ ಜಾಗದಲ್ಲೇ ನಿಲ್ಲುತ್ತದೆ. ಎರಡನೆಯದಾಗಿ, ಸಿಲಿಕೋನ್ ಅಚ್ಚು ತೊನೆದಾಡುತ್ತದೆಂದು ನಾವು ಅದನ್ನು ಟ್ರೇ ಮೇಲೆ ಇಡುತ್ತೇವೆ. ಆಗ ಕೆಳಗಿನಿಂದ ಏರುವ ಬಿಸಿಗಾಳಿಗೆ ದಾರಿ ಕಟ್ಟಿದಂತಾಗುತ್ತದೆ, ಟ್ರೇಗೂ ಅಚ್ಚಿಗೂ ನಡುವೆ ಇನ್ನೊಂದು ಗಾಳಿಪದರ ಸಿಕ್ಕಿಕೊಳ್ಳುತ್ತದೆ. ಮೂರನೆಯದಾಗಿ, ಓವನ್ನಿನ ಕಾದ ಸರಳುಗಳಿಂದ ಅವಕೆಂಪು ಕಿರಣವೂ ಬರುತ್ತದೆ. ಹಳೆಯ, ಕಪ್ಪಿಟ್ಟ ತಗಡಿನ ಟ್ರೇ ಅದನ್ನು ಚೆನ್ನಾಗಿ ಹೀರಿ ಕೂಡಲೇ ಹಿಟ್ಟಿಗೆ ದಾಟಿಸುತ್ತದೆ, ಸಿಲಿಕೋನ್ ಗೋಡೆ ದಾಟಿಸುವುದು ನಿಧಾನ. ಹೊಳೆಯುವ ಹೊಸ ಅಲ್ಯೂಮಿನಿಯಂ ಅದರಲ್ಲಿ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಬೇಕರಿಗಳು ಕಪ್ಪಾದ ಟ್ರೇಗಳನ್ನು ಬಿಡದೆ ಕಾಪಾಡಿಕೊಳ್ಳುವುದರಲ್ಲಿ ಅರ್ಥವಿದೆ.

ಇದರಿಂದ ಹೊರಡುವ ಪರಿಹಾರ ಸುಲಭ. ಸಿಲಿಕೋನ್ ಅಚ್ಚನ್ನು ಗಟ್ಟಿ ಟ್ರೇ ಬದಲು ತಂತಿಯ ಜಾಲರಿಯ ಮೇಲೆ ಇಡಿ. ಹಿಟ್ಟು ಹುಯ್ಯುವ ಮೊದಲೇ ಅಚ್ಚನ್ನು ಜಾಲರಿಯ ಮೇಲಿಟ್ಟುಕೊಂಡರೆ ಎತ್ತುವಾಗ ಚೆಲ್ಲುವುದಿಲ್ಲ. ಓವನ್ನಿನಲ್ಲಿ ಫ್ಯಾನ್ ಇದ್ದರೆ ಬಳಸಿ. ಫ್ಯಾನ್ ಗಾಳಿಪದರವನ್ನು ತೆಳುವಾಗಿಸಿ ದೊಡ್ಡ ತಡೆಯನ್ನೇ ತಗ್ಗಿಸುತ್ತದೆ.

ಈಗ ಅದೇ ಅಚ್ಚನ್ನು ಇಡ್ಲಿ ಪಾತ್ರೆಗೆ ಇಳಿಸಿ ನೋಡಿ. ಲೆಕ್ಕ ತಿರುವುಮುರುವಾಗುತ್ತದೆ. ಒಂದು ಗ್ರಾಂ ಹಬೆ ತಣ್ಣನೆಯ ಅಚ್ಚಿನ ಮೇಲೆ ನೀರಾಗುವಾಗ ಸುಮಾರು 2260 ಜೂಲ್ ಶಾಖವನ್ನು ಅಲ್ಲೇ ಸುರಿದುಹೋಗುತ್ತದೆ. ಪಾತ್ರೆಯೊಳಗಿನ ಗಾಳಿಯೆಲ್ಲ ಹೊರಟು ಬರಿ ಹಬೆ ತುಂಬಿಕೊಂಡರೆ ಹೊರಗಿನ ತಡೆ 100ರಿಂದ 1ಕ್ಕೂ ಕೆಳಗೆ ಕುಸಿಯುತ್ತದೆ. ಸಿಲಿಕೋನ್ ಗೋಡೆಯ 15 ಹಾಗೆಯೇ ಉಳಿಯುತ್ತದೆ. ಓವನ್ನಿನಲ್ಲಿ ಚಿಕ್ಕದಾಗಿದ್ದ ತಡೆ ಹಬೆಯಲ್ಲಿ ದೊಡ್ಡದಾಯಿತು. ಸಿಲಿಕೋನ್ ಅಚ್ಚಿನ ಇಡ್ಲಿ ಸ್ಟೀಲ್ ತಟ್ಟೆಯ ಇಡ್ಲಿಗಿಂತ ನಿಧಾನವಾಗಿ ಬೇಯುವುದಕ್ಕೆ ಕಾರಣ ಇದು. ಅಚ್ಚು ಬದಲಾಗಲಿಲ್ಲ, ಹಿಟ್ಟೂ ಬದಲಾಗಲಿಲ್ಲ, ಶಾಖ ಬರುವ ದಾರಿ ಮಾತ್ರ ಬದಲಾಯಿತು. ಯಾವ ವಸ್ತುವೂ ತನ್ನಷ್ಟಕ್ಕೆ ನಿಧಾನವಲ್ಲ, ವೇಗವೂ ಅಲ್ಲ. ಸುತ್ತಲಿನ ಉಳಿದ ತಡೆಗಳೊಂದಿಗೆ ಹೋಲಿಸಿದಾಗಲೇ ಅದರ ಪಾತ್ರ ತಿಳಿಯುತ್ತದೆ.

ಕಂದು ಬಣ್ಣದ ರಸಾಯನ

ಕೇಕು, ಬ್ರೆಡ್ಡು, ಬಿಸ್ಕತ್ತುಗಳ ಹೊಂಬಣ್ಣ ಮತ್ತು ಘಮಕ್ಕೆ ಮುಖ್ಯ ಕಾರಣ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮೆಯಾರ್ 1912ರಲ್ಲಿ ವಿವರಿಸಿದ ಕ್ರಿಯೆ. ಪ್ರೋಟೀನಿನ ಅಮೈನೋ ಆಮ್ಲಗಳು ಗ್ಲೂಕೋಸ್, ಫ್ರುಕ್ಟೋಸ್, ಲ್ಯಾಕ್ಟೋಸ್‌ನಂಥ ಸಕ್ಕರೆಗಳೊಂದಿಗೆ ಕೂಡಿ ನೂರಾರು ಹೊಸ ಸಂಯುಕ್ತಗಳಾಗುತ್ತವೆ. ಅಡುಗೆಯಲ್ಲಿ ಇದು ಚುರುಕಾಗುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಹಿಟ್ಟಿನಲ್ಲಿ ನೀರು ಇರುವವರೆಗೆ ಅದರ ಉಷ್ಣತೆ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆರಿದ ಹೊರಪದರ ಮಾತ್ರ 140ಕ್ಕೆ ಏರಬಲ್ಲದು. ಸಿಲಿಕೋನ್ ಗೋಡೆಗೆ ತಾಗಿದ ಹಿಟ್ಟಿಗೆ ಶಾಖ ಸ್ವಲ್ಪ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ಒಳಭಾಗ ಬೆಂದು ಮುಗಿದಿರುತ್ತದೆ, ನಾವು ಕೇಕನ್ನು ಹೊರತೆಗೆದುಬಿಡುತ್ತೇವೆ. ಪಕ್ಕಗಳಿಗೆ ಬಣ್ಣ ಕಟ್ಟಲು ಬೇಕಿದ್ದ ಕೊನೆಯ ಕೆಲವು ನಿಮಿಷ ಸಿಗುವುದೇ ಇಲ್ಲ.

ಈ ಅಂತರ ಎದ್ದು ಕಾಣುವುದು ಫ್ರಾನ್ಸಿನ ಬೋರ್ಡೋ ನಗರದ ಕನೆಲೆ ಎಂಬ ಪುಟ್ಟ ತಿನಿಸಿನಲ್ಲಿ. ಹೊರಗೆ ಕಡುಕಂದು ಗರಿ ಕವಚ, ಒಳಗೆ ಮೆತ್ತನೆಯ ತಿರುಳು, ಇದು ಅದರ ಲಕ್ಷಣ. ಸಾಂಪ್ರದಾಯಿಕವಾಗಿ ಅದನ್ನು ಕಲಾಯಿ ಮಾಡಿದ ತಾಮ್ರದ ಅಚ್ಚಿಗೆ ಜೇನುಮೇಣ ಸವರಿ ಸುಡುತ್ತಾರೆ. ಸಿಲಿಕೋನ್‌ನಲ್ಲಿ ಮಾಡಿದ ಕನೆಲೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಆದರೆ ಕವಚ ತಿಳಿಯಾಗಿ, ಮೆತ್ತಗೆ ಉಳಿಯುತ್ತದೆ.

ಅಚ್ಚನ್ನು ಬದಲಿಸಲಾಗದಿದ್ದರೆ ರಸಾಯನವನ್ನು ಬದಲಿಸಬಹುದು. ಬಿಳಿ ಸಕ್ಕರೆಯ ಸುಕ್ರೋಸ್ ನೇರವಾಗಿ ಮೆಯಾರ್ ಕ್ರಿಯೆಗೆ ಇಳಿಯುವುದಿಲ್ಲ. ಜೇನುತುಪ್ಪದ ಸಕ್ಕರೆಯಲ್ಲಿ ಬಹುಪಾಲು ಗ್ಲೂಕೋಸ್ ಮತ್ತು ಫ್ರುಕ್ಟೋಸ್. ಬೆಲ್ಲದಲ್ಲಿಯೂ ಸುಕ್ರೋಸಿನ ಜೊತೆ ಇವೆರಡು ಇರುತ್ತವೆ. ಹಾಲು, ಮೊಸರು ಲ್ಯಾಕ್ಟೋಸ್ ತರುತ್ತವೆ. ಅಡುಗೆ ಸೋಡಾ ಹಿಟ್ಟನ್ನು ಕ್ಷಾರದ ಕಡೆಗೆ ವಾಲಿಸಿದರೆ ಅಮೈನೋ ಗುಂಪುಗಳು ಚುರುಕಾಗಿ ಬಣ್ಣ ಬೇಗ ಕಟ್ಟುತ್ತದೆ. ಆದ್ದರಿಂದ ಸಿಲಿಕೋನ್ ಅಚ್ಚಿಗೆ ಬಿಳಿ ಸಕ್ಕರೆಯ ವೆನಿಲ್ಲಾ ಕೇಕಿಗಿಂತ ಬೆಲ್ಲ, ಜೇನು, ಮೊಸರು ಸೇರಿದ ಪಾಕಗಳು ಚೆನ್ನಾಗಿ ಒಗ್ಗುತ್ತವೆ.

ಅಚ್ಚಿಗೆ ತಕ್ಕ ಪಾಕ: ರಾಗಿ–ಬೆಲ್ಲದ ಮಫಿನ್

ಈ ತಿಳಿವಳಿಕೆಯನ್ನು ಒಂದು ಪಾಕಕ್ಕೆ ಇಳಿಸೋಣ. ಮೊಟ್ಟೆ ಇಲ್ಲದ ಎಂಟು ಮಫಿನ್‌ಗೆ ಬೇಕಾದದ್ದು: ಗೋಧಿ ಹಿಟ್ಟು 100 ಗ್ರಾಂ, ಹುರಿದ ರಾಗಿ ಹಿಟ್ಟು 50 ಗ್ರಾಂ, ಪುಡಿ ಬೆಲ್ಲ 100 ಗ್ರಾಂ, ಮೊಸರು 120 ಗ್ರಾಂ, ಹಾಲು 60 ಗ್ರಾಂ, ವಾಸನೆಯಿಲ್ಲದ ಎಣ್ಣೆ 55 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಬೆಲ್ಲವನ್ನು ಹಾಲು ಮೊಸರಿನಲ್ಲಿ ಕರಗಿಸಿ ಸೋಸಿ, ಎಣ್ಣೆ ಸೇರಿಸಿ. ಒಣ ಪದಾರ್ಥಗಳನ್ನು ಜರಡಿ ಹಿಡಿದು ಬೆರೆಸಿ, ಗಂಟಿಲ್ಲದಂತಾದ ಕೂಡಲೇ ಕಲಸುವುದನ್ನು ನಿಲ್ಲಿಸಿ. ಹತ್ತು ನಿಮಿಷ ಬಿಟ್ಟು ಅಚ್ಚಿನ ಮುಕ್ಕಾಲು ಭಾಗ ತುಂಬಿ, 180 ಡಿಗ್ರಿಗೆ ಮೊದಲೇ ಕಾಯಿಸಿದ ಓವನ್ನಿನಲ್ಲಿ ಜಾಲರಿಯ ಮೇಲಿಟ್ಟು ಬೇಯಿಸಿ. ಇಪ್ಪತ್ತು ನಿಮಿಷದಿಂದ ಪರೀಕ್ಷಿಸಲು ಶುರು ಮಾಡಿ.

ಇಲ್ಲಿನ ಪ್ರತಿ ಅಳತೆಗೂ ಕಾರಣವಿದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಅನಿಲದ ಗುಳ್ಳೆಗಳನ್ನು ಹಿಡಿದಿಡುವ ಜಾಲ ಅದರಿಂದ ಆಗುವುದಿಲ್ಲ. ಗೋಧಿಯ ಪಾಲು ಮೂರನೇ ಎರಡರಷ್ಟು ಇದ್ದರೆ ಜಾಲ ಗಟ್ಟಿಯಾಗಿ ನಿಲ್ಲುತ್ತದೆ, ಮಫಿನ್ ಪುಡಿಯಾಗುವುದಿಲ್ಲ. ಹತ್ತು ನಿಮಿಷದ ವಿರಾಮದಲ್ಲಿ ರಾಗಿಯ ಕಣಗಳು ನೀರು ಕುಡಿಯುತ್ತವೆ, ತಿನ್ನುವಾಗ ಮರಳುಮರಳಾಗಿ ಸಿಗುವುದಿಲ್ಲ. ಮೊಸರಿನ ಆಮ್ಲ ಸೋಡಾದಿಂದ ಇಂಗಾಲದ ಡೈಆಕ್ಸೈಡ್ ಬಿಡಿಸುತ್ತದೆ. ಬೇಕಿಂಗ್ ಪೌಡರ್ ಬಿಸಿಯಲ್ಲಿ ಉಳಿದ ಅನಿಲ ಕೊಡುತ್ತದೆ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ತಮ್ಮ ಹೆಂಡತಿಗೆ ಯೀಸ್ಟ್ ಒಗ್ಗುವುದಿಲ್ಲವೆಂದು ಬೇಕಿಂಗ್ ಪೌಡರ್ ತಯಾರಿಸಿದ್ದರು. ಯೀಸ್ಟ್ ಇಲ್ಲದೆ ಹಿಟ್ಟು ಉಬ್ಬಿಸುವ ಆ ಜಾಣ್ಮೆ ಇಂದು ನಮ್ಮ ಮೊಟ್ಟೆರಹಿತ ಕೇಕುಗಳಿಗೂ ಆಸರೆ. ರಾಗಿಯ ಸಹಜ ಕಂದು ಮತ್ತು ಬೆಲ್ಲದ ಬಣ್ಣ ಸಿಲಿಕೋನ್ ಅಚ್ಚಿನ ಬಿಳಿಚಿಕೆಯನ್ನು ಬಹುಮಟ್ಟಿಗೆ ಮುಚ್ಚುತ್ತವೆ.

ಈ ಪಾಕವನ್ನೇ ಪ್ರಯೋಗಕ್ಕೆ ಬಳಸಿ. ತಕ್ಕಡಿಯಲ್ಲಿ ತೂಗಿ ಎಲ್ಲ ಅಚ್ಚುಗಳಿಗೂ 55 ಗ್ರಾಂ ಹಿಟ್ಟು ಹಾಕಿ. ಲೋಹದ ಅಚ್ಚುಗಳನ್ನೂ ಸಿಲಿಕೋನ್ ಅಚ್ಚುಗಳನ್ನೂ ಒಂದು ಬಿಟ್ಟು ಒಂದರಂತೆ ಇಡಿ, ಏಕೆಂದರೆ ಓವನ್ನಿನ ಎಡ ಬಲ ಮೂಲೆಗಳ ಬಿಸಿ ಒಂದೇ ಸಮ ಇರುವುದಿಲ್ಲ. ಚುಚ್ಚುವ ಥರ್ಮಾಮೀಟರ್ ಇದ್ದರೆ ಹದಿನೈದನೇ ನಿಮಿಷದಿಂದ ನಡುಭಾಗದ ಉಷ್ಣತೆ ನೋಡಿ. 96ರಿಂದ 98 ಡಿಗ್ರಿ ತಲುಪಿದರೆ ಕೇಕು ಬೆಂದಿದೆ. ಅಷ್ಟರಲ್ಲಿ ಪಿಷ್ಟ ನೀರು ಕುಡಿದು ಉಬ್ಬಿ, ಪ್ರೋಟೀನು ಗಟ್ಟಿಯಾಗಿ, ಗುಳ್ಳೆಗಳ ಗೋಡೆ ನಿಂತಿರುತ್ತದೆ. ಬೆಂದ ಮೇಲೆ ಮತ್ತೆ ತೂಗಿದರೆ ಎಷ್ಟು ನೀರು ಆವಿಯಾಯಿತೆಂದು ಗೊತ್ತಾಗುತ್ತದೆ. ನಂತರ ಎರಡನ್ನೂ ಉದ್ದಕ್ಕೆ ಸೀಳಿ ಪಕ್ಕಪಕ್ಕ ಇಡಿ. ಲೋಹದ್ದರಲ್ಲಿ ಅಂಚಿಗೆ ಒತ್ತಾದ ಕಂದು ಗೆರೆ, ಅದರ ಒಳಗೆ ದೊಡ್ಡ ಗುಳ್ಳೆಗಳು ಕಂಡಾವು. ಸಿಲಿಕೋನ್‌ನದರಲ್ಲಿ ಅಂಚಿನಿಂದ ನಡುವಿನವರೆಗೆ ಹೆಚ್ಚುಕಡಿಮೆ ಒಂದೇ ಹದದ ತಿರುಳು ಕಂಡೀತು. ಹೊರಭಾಗ ಬೇಗ ಗಟ್ಟಿಯಾಗದೆ ಇಡೀ ಹಿಟ್ಟು ನಿಧಾನವಾಗಿ ಏರಿದ್ದಕ್ಕೆ ಅದು ಗುರುತು. ಮೃದುತ್ವವೇ ಗುರಿಯಾದರೆ ಸಿಲಿಕೋನ್‌ನ ನಿಧಾನ ಒಂದು ವರ.

ಓವನ್ನಿನ ಗುಂಡಿಯ ಮೇಲೆ ಬರೆದ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಸಕ್ಕರೆ ಸುಮಾರು 186 ಡಿಗ್ರಿಗೆ ಕರಗುತ್ತದೆ. ಒಂದು ಚಮಚ ಸಕ್ಕರೆಯನ್ನು ಫಾಯಿಲ್ ಮೇಲೆ ಹರಡಿ, ಗುಂಡಿಯನ್ನು 175ಕ್ಕೆ ಇಟ್ಟು ಕಾಲು ಗಂಟೆ ಬಿಡಿ. ಅಷ್ಟರಲ್ಲೇ ಪೂರ್ತಿ ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಬಿಸಿ. ಗುಂಡಿ 200 ತೋರಿಸಿದರೂ ಹರಳುಗಳು ಹಾಗೇ ಇದ್ದರೆ ಓವನ್ ತಣ್ಣಗಿದೆ. ಇದು ಒರಟು ಪರೀಕ್ಷೆ, ಆದರೂ ದೊಡ್ಡ ತಪ್ಪುಗಳನ್ನು ಹಿಡಿದುಕೊಡುತ್ತದೆ.

ಅಂಟಲೇಬೇಕಾದ ಕೇಕುಗಳು

ಅಂಟದಿರುವುದು ಯಾವಾಗಲೂ ಒಳ್ಳೆಯದಲ್ಲ. 1927ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಬೇಕರ್ ಎಂಬ ವಿಮಾ ಏಜೆಂಟ್ ಬೆಣ್ಣೆಯ ಬದಲು ಎಣ್ಣೆ, ಜೊತೆಗೆ ನೊರೆಗಟ್ಟಿದ ಮೊಟ್ಟೆಯ ಬಿಳಿ ಸೇರಿಸಿ ಶಿಫಾನ್ ಕೇಕ್ ರೂಪಿಸಿದರು. ಅದರ ಗುಟ್ಟನ್ನು ಎರಡು ದಶಕ ಕಾಪಾಡಿ 1947ರಲ್ಲಿ ಜನರಲ್ ಮಿಲ್ಸ್ ಕಂಪನಿಗೆ ಮಾರಿದರು. ಈ ಕೇಕಿನ ಅಚ್ಚಿಗೆ ಎಣ್ಣೆ ಸವರುವಂತಿಲ್ಲ. ಹಗುರವಾದ ನೊರೆಹಿಟ್ಟು ಲೋಹದ ಗೋಡೆಯನ್ನು ಹಿಡಿದುಕೊಂಡೇ ಮೇಲೇರಬೇಕು. ಬೆಂದ ಮೇಲೆ ಅಚ್ಚನ್ನು ತಲೆಕೆಳಗಾಗಿ ನಿಲ್ಲಿಸಿ ಆರಿಸುತ್ತಾರೆ, ಕೇಕು ಗೋಡೆಗೆ ಅಂಟಿ ತೂಗುತ್ತ ಕುಸಿಯದೆ ಗಟ್ಟಿಯಾಗುತ್ತದೆ. ಸಿಲಿಕೋನ್‌ನಲ್ಲಿ ಹಿಡಿಯಲು ಆಧಾರವಿಲ್ಲ. ಏರುವ ಹಿಟ್ಟು ಜಾರುತ್ತದೆ, ಬೆಂದ ಕೇಕು ಪಕ್ಕಗಳಿಂದ ಸರಿದು ಕುಗ್ಗುತ್ತದೆ. ಸಾಧಾರಣ ಸ್ಪಂಜಿನಲ್ಲೂ ಇದರ ಸಣ್ಣ ರೂಪ ಕಾಣಬಹುದು.

ಬ್ರೆಡ್ಡಿಗೂ ಸಿಲಿಕೋನ್ ಸೂಕ್ತವಲ್ಲ. ಗರಿಗರಿ ಕವಚಕ್ಕೆ ತಳದಿಂದ ರಭಸವಾಗಿ ನುಗ್ಗುವ ಶಾಖ ಬೇಕು. ಮೈಕ್ರೋವೇವಿನಲ್ಲಿ ಮಾತ್ರ ಈ ಅಚ್ಚು ನಿರಾಳ. ಆ ತರಂಗಗಳಿಗೆ ಸಿಲಿಕೋನ್ ಬಹುತೇಕ ಪಾರದರ್ಶಕ, ಅವು ನೇರ ಹಿಟ್ಟಿನ ನೀರನ್ನು ಕಾಯಿಸುತ್ತವೆ. ಹೊರಮೈ 100 ಡಿಗ್ರಿ ದಾಟದ್ದರಿಂದ ಕಂದು ಬಣ್ಣದ ಆಸೆಯನ್ನು ಅಲ್ಲಿ ಬಿಡಬೇಕು.

ಹಬೆಯಡುಗೆಗೂ ಹಿಮದಡುಗೆಗೂ ಸಿಲಿಕೋನ್ ಹೇಳಿಮಾಡಿಸಿದ್ದು. ಮಲೆನಾಡಿನ ಸೌತೆಕಾಯಿ ಕಡುಬು, ಹಲಸಿನ ಹಣ್ಣಿನ ಕಡುಬುಗಳ ಹಿಟ್ಟನ್ನು ಪುಟ್ಟ ಅಚ್ಚುಗಳಿಗೆ ತುಂಬಿ ಬೇಯಿಸಬಹುದು. ಮೇಲೆ ಕಂಡ ಲೆಕ್ಕದಂತೆ ಸಮಯ ಮಾತ್ರ ಹೆಚ್ಚು ಕೊಡಿ. ಬಾಳೆಲೆ ಸಿಗದ ಊರಿನಲ್ಲಿರುವವರಿಗೆ ಆಕಾರ ಸಿಗುತ್ತದೆ. ಎಲೆ ಹಬೆಯಲ್ಲಿ ಬಿಟ್ಟುಕೊಡುವ ಪರಿಮಳ ಸಿಗುವುದಿಲ್ಲ. ಎಲೆಯೂ ಆ ಪಾಕದ ಒಂದು ಸಾಮಗ್ರಿಯೇ ಆಗಿತ್ತು.

ಕೊಳ್ಳುವ ಮುನ್ನ, ಬಳಸುವ ಮುನ್ನ

ಸಿಲಿಕೋನ್ ಆಹಾರದೊಂದಿಗೆ ಏನೂ ವರ್ತಿಸದ ವಸ್ತು ಎಂಬ ಮಾತು ಬಹುಪಾಲು ಸರಿ, ಪೂರ್ತಿ ಅಲ್ಲ. ತಯಾರಿಕೆಯ ಹಂತದಲ್ಲಿ ಉದ್ದ ಸರಪಳಿಗಳ ಜೊತೆಗೆ ಉಂಗುರಾಕಾರದ ಪುಟ್ಟ ಅಣುಗಳೂ ಉಳಿದುಕೊಳ್ಳುತ್ತವೆ. ಬಿಸಿಯಲ್ಲಿ ಇವು ಆವಿಯಾಗಬಲ್ಲವು, ಕೊಬ್ಬಿನಂಶ ಹೆಚ್ಚಿರುವ ಆಹಾರಕ್ಕೆ ಸೇರಬಲ್ಲವು. ಪರಿಸರದಲ್ಲಿ ಬಹುಕಾಲ ಉಳಿಯುವ ಕಾರಣಕ್ಕೆ ಇಂಥ ಮೂರು ಉಂಗುರ ಅಣುಗಳನ್ನು ಐರೋಪ್ಯ ಒಕ್ಕೂಟ 2018ರಲ್ಲಿ ಹೆಚ್ಚಿನ ಕಾಳಜಿಯ ವಸ್ತುಗಳ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಒಂದು ಸಂತಾನಶಕ್ತಿಗೆ ಧಕ್ಕೆ ತರಬಹುದೆಂಬ ಶಂಕೆಯೂ ಇದೆ. ಒಳ್ಳೆಯ ತಯಾರಕರು ಅಚ್ಚನ್ನು ಮಾರುವ ಮುಂಚೆ 200 ಡಿಗ್ರಿಯಲ್ಲಿ ಹಲವು ಗಂಟೆ ಕಾಯಿಸಿ ಈ ಅಣುಗಳನ್ನು ಓಡಿಸುತ್ತಾರೆ. ಆವಿಯಾಗುವ ಅಂಶ ತೂಕದ ಶೇಕಡಾ 0.5 ಮೀರಬಾರದೆಂಬುದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆಯ ಶಿಫಾರಸು. ಅಗ್ಗದ ಅಚ್ಚುಗಳಲ್ಲಿ ತಯಾರಕರು ಈ ಕಾಯಿಸುವ ಹಂತವನ್ನೇ ಬಿಟ್ಟಿರುವ ಸಾಧ್ಯತೆ ಇರುತ್ತದೆ.

ಆದ್ದರಿಂದ ಘಾಟು ವಾಸನೆ ಬರುವ ಅಚ್ಚನ್ನು ಕೊಳ್ಳಬೇಡಿ. ಹಿಡಿದು ತಿರುಚಿದಾಗ ಮಡಿಕೆಯಲ್ಲಿ ಎದ್ದುಕಾಣುವ ಬಿಳಿ ಗೆರೆ ಮೂಡಿದರೆ ಅಗ್ಗದ ಪುಡಿ ಬೆರೆತಿರುವ ಸಂಶಯಕ್ಕೆ ಎಡೆಯಿದೆ. ಅದೊಂದೇ ಖಚಿತ ಪುರಾವೆ ಆಗದಿದ್ದರೂ ಬೇರೆ ಅಚ್ಚು ನೋಡುವುದು ಮೇಲು. ಹೊಸ ಅಚ್ಚನ್ನು ಸಾಬೂನಿನಿಂದ ತೊಳೆದು, ಖಾಲಿಯಾಗಿ 200 ಡಿಗ್ರಿಯಲ್ಲಿ ಒಂದು ಗಂಟೆ, ಕಿಟಕಿ ತೆರೆದಿಟ್ಟು ಕಾಯಿಸಿ, ಮತ್ತೆ ತೊಳೆದು ಬಳಸಿ. ಓವನ್ನಿನ ಕೆಂಪಗೆ ಕಾದ ಸರಳಿಗೆ ಅಚ್ಚು ತಾಗದಿರಲಿ, ಗ್ರಿಲ್ ಮೋಡ್ ಬೇಡ. ಮರಳು ಅಥವಾ ಉಪ್ಪು ಹಾಸಿದ ಕುಕ್ಕರಿನಲ್ಲಿ ಕೇಕು ಮಾಡುವವರು ಲೋಹದ ಪಾತ್ರೆಯನ್ನೇ ಇಡಿ. ನೀರಿಲ್ಲದ ಕುಕ್ಕರಿನ ತಳ 230 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ, ಅದು ದಾಟಿದ್ದು ನಮಗೆ ಕಾಣುವುದಿಲ್ಲ. ಅಚ್ಚಿನೊಳಗೆ ಚಾಕು ಆಡಿಸಬೇಡಿ. ಒಮ್ಮೆ ಗೀರು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ.

ಯಾವ ಅಚ್ಚು ಮೇಲು ಎಂದು ಕೇಳಿದರೆ ನನ್ನ ತೀರ್ಪು ಹೀಗಿದೆ. ಕವಚ, ಬಣ್ಣ, ಎತ್ತರ ಬೇಕಾದ ಬ್ರೆಡ್ಡು, ಸ್ಪಂಜು, ಬಿಸ್ಕತ್ತುಗಳಿಗೆ ಲೋಹ. ಮೃದುವಾದ ಪುಟ್ಟ ಕೇಕು, ಕಡುಬು, ಹೆಪ್ಪುಗಟ್ಟಿಸುವ ಸಿಹಿಗಳಿಗೆ ಸಿಲಿಕೋನ್. ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಹೊಸ ಪಾಕಕ್ಕೆ ಕೈಹಾಕುವಾಗ ಒಂದು ನಿಯಮವನ್ನು ಬಿಡದೆ ಪಾಲಿಸಿ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಗ್ರಾಂ, ಡಿಗ್ರಿ, ನಿಮಿಷಗಳಲ್ಲಿ ಬರೆದಿಡಿ, ಅಚ್ಚು ಯಾವುದೆಂಬುದನ್ನೂ ಬರೆಯಿರಿ. ಹಾಗೆ ಬರೆದಿಟ್ಟ ಪಾಕವನ್ನು ಇನ್ನೊಂದು ಮನೆಯಲ್ಲಿ ಇನ್ನೊಬ್ಬರು ಮಾಡಿದಾಗಲೂ ಅದೇ ಹದದಲ್ಲಿ ಬಂದರೆ ನಿಮ್ಮ ಪ್ರಯೋಗ ಗೆದ್ದಂತೆ.